ಕೋಣೆಯಿಂದ ಕಿಸೆಗೆ: ಗಣಕಯಂತ್ರ ಮತ್ತು ಅಂತರ್ಜಾಲ ನಡೆದು ಬಂದ ದಾರಿ



ಗಣಕಯಂತ್ರದ ಕುರಿತು ಮಾತೆತ್ತಿದರೆ ಸಾಮಾನ್ಯವಾಗಿ ನಾವು ಅದರ ವೇಗವನ್ನು ಕೊಂಡಾಡುತ್ತೇವೆ, ಅದು ಎಷ್ಟು ಚಿಕ್ಕದಾಯಿತು, ಎಷ್ಟು ಅಗ್ಗವಾಯಿತು ಎಂದು ಬೆರಗಾಗುತ್ತೇವೆ. ಬೆರಗಾಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಚರಿತ್ರೆಯನ್ನು ಇನ್ನೊಂದು ಮಗ್ಗುಲಿನಿಂದಲೂ ಓದಬಹುದು. ಯಾವ ಕಾಲದಲ್ಲಿ ಈ ಯಂತ್ರದ ಮುಂದೆ ಕುಳಿತುಕೊಳ್ಳುವ ಅವಕಾಶ ಯಾರಿಗಿತ್ತು? ಯಾರು ಬಾಗಿಲ ಹೊರಗೆ ನಿಂತಿದ್ದರು? ಬಾಗಿಲು ತೆರೆದದ್ದು ಹೇಗೆ, ತೆರೆದವರು ಯಾರು? ವಿದ್ಯೆಯ ವಿಚಾರದಲ್ಲಿ ಕಾಳಜಿ ಇರುವ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆಗಳಿವು. ಬನ್ನಿ, ಆ ದಾರಿಯಲ್ಲಿ ಒಂದಿಷ್ಟು ದೂರ ನಡೆದು ನೋಡೋಣ.

ಕೋಣೆ ತುಂಬಿದ ಯಂತ್ರ

ಗಣಕಯಂತ್ರಕ್ಕೆ ಯಾವ ಕೆಲಸವನ್ನಾದರೂ ಹಂತ ಹಂತವಾಗಿ ಹೇಳಿಕೊಡಬೇಕು. ಈ ಹಂತಗಳ ಕ್ರಮಕ್ಕೆ ‘ಅಲ್ಗಾರಿದಮ್’ ಎಂದು ಹೆಸರು. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿಯ ಹೆಸರೇ ಲ್ಯಾಟಿನ್ ಭಾಷೆಯಲ್ಲಿ ರೂಪ ಬದಲಿಸಿ ಈ ಪದವಾಯಿತು. ಭಾರತೀಯ ಅಂಕಿಗಳನ್ನು ಬಳಸಿ ಲೆಕ್ಕ ಮಾಡುವ ಬಗೆಯನ್ನು ಅವರು ಅರಬಿಯಲ್ಲಿ ವಿವರಿಸಿ ಬರೆದರು. ಅದರ ಲ್ಯಾಟಿನ್ ಅನುವಾದಗಳ ಮೂಲಕ ಆ ಅಂಕಿಗಳು ಯುರೋಪಿನಲ್ಲಿ ಹರಡಿದವು. ಭಾರತದ ಅಂಕಿ, ಬಗ್ದಾದಿನ ವಿಧಾನ, ಪಶ್ಚಿಮದ ಯಂತ್ರ, ಹೀಗೆ ಈ ವಿದ್ಯೆ ಯಾವುದೇ ಒಂದು ಜನಾಂಗದ ಸೊತ್ತಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು.

1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ‘ಎನಿಯಾಕ್’ ಎಂಬ ಇಲೆಕ್ಟ್ರಾನಿಕ್ ಗಣಕಯಂತ್ರವನ್ನು ಜಗತ್ತಿಗೆ ತೋರಿಸಲಾಯಿತು. ಸುಮಾರು 30 ಟನ್ ತೂಕ, ಹತ್ತಿರ ಹತ್ತಿರ 18,000 ನಿರ್ವಾತ ಕೊಳವೆಗಳು, ಒಂದು ದೊಡ್ಡ ಕೋಣೆಯ ತುಂಬಾ ಅದೇ. ಸೆಕೆಂಡಿಗೆ 5,000 ಕೂಡುವ ಲೆಕ್ಕಗಳನ್ನು ಅದು ಮಾಡುತ್ತಿತ್ತು. ಅದನ್ನು ಕಟ್ಟಿಸಿದ್ದು ಅಮೆರಿಕದ ಸೇನೆ, ಫಿರಂಗಿ ಗುಂಡು ಎಲ್ಲಿ ಬೀಳುತ್ತದೆ ಎಂಬ ಲೆಕ್ಕಕ್ಕಾಗಿ. ಸೇನೆ, ಸರಕಾರ ಮತ್ತು ಕೆಲವು ದೊಡ್ಡ ವಿಶ್ವವಿದ್ಯಾನಿಲಯಗಳ ಹೊರತು ಬೇರಾರೂ ಅಂಥ ಯಂತ್ರದ ಕನಸನ್ನೂ ಕಾಣುವಂತಿರಲಿಲ್ಲ.

ಭಾರತಕ್ಕೆ ಮೊದಲ ಗಣಕಯಂತ್ರ ಬಂದದ್ದು 1955ರಲ್ಲಿ, ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಇಂಗ್ಲೆಂಡಿನಿಂದ ತರಿಸಿದ ಅದರ ಹೆಸರು ಹೆಚ್‌ಇಸಿ-2ಎಂ. 1960ರ ವೇಳೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ‘ಟಿಫ್ರಾಕ್’ ಎಂಬ ಯಂತ್ರವನ್ನು ಸ್ವದೇಶದಲ್ಲೇ ಕಟ್ಟಿ ನಿಲ್ಲಿಸಿದರು. ಬಡತನದೊಂದಿಗೆ ಹೋರಾಡುತ್ತಿದ್ದ ಹೊಸ ದೇಶಕ್ಕೆ ಇದು ಸಣ್ಣ ಸಾಧನೆಯೇನಲ್ಲ. ಆದರೂ ಆ ಕೋಣೆಯೊಳಗೆ ಕಾಲಿಡುವ ಭಾಗ್ಯ ಬೆರಳೆಣಿಕೆಯ ವಿಜ್ಞಾನಿಗಳದ್ದು ಮಾತ್ರ.

ಯಂತ್ರವನ್ನು ಕುಗ್ಗಿಸಿದ್ದು 1947ರಲ್ಲಿ ಆವಿಷ್ಕಾರಗೊಂಡ ಟ್ರಾನ್ಸಿಸ್ಟರ್. ಬಳಿಕ ಹಲವು ಟ್ರಾನ್ಸಿಸ್ಟರ್‌ಗಳನ್ನು ಒಂದೇ ಚೂರಿನ ಮೇಲೆ ಕೂರಿಸುವ ‘ಚಿಪ್’ ಬಂತು. 1971ರಲ್ಲಿ ಇಂಟೆಲ್ ಕಂಪೆನಿ ಮಾರುಕಟ್ಟೆಗೆ ತಂದ 4004 ಎಂಬ ಚಿಪ್‌ನಲ್ಲಿ ಇದ್ದದ್ದು 2,300 ಟ್ರಾನ್ಸಿಸ್ಟರ್‌ಗಳು. ಇಂದು ಒಳ್ಳೆಯ ಮೊಬೈಲ್ ಫೋನೊಂದರ ಚಿಪ್‌ನಲ್ಲಿ ಸಾವಿರ ಕೋಟಿಗೂ ಮಿಕ್ಕಿ ಇರುತ್ತವೆ! 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ‘ಪರ್ಸನಲ್ ಕಂಪ್ಯೂಟರ್’ ಬಿಡುಗಡೆ ಮಾಡಿದಾಗ ಅದರ ಕನಿಷ್ಠ ಬೆಲೆ 1,565 ಡಾಲರ್. ಯಂತ್ರ ಕೋಣೆಯಿಂದ ಮೇಜಿನ ಮೇಲಕ್ಕೆ ಬಂತು. ಆದರೆ ನಮ್ಮೂರಿನ ಮೇಜಿಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಎರಡಕ್ಷರದ ಸಂದೇಶ

1969ರ ಜುಲೈಯಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟ. ಜಗತ್ತೆಲ್ಲ ಅದನ್ನೇ ಮಾತನಾಡುತ್ತಿತ್ತು. ಅದೇ ವರ್ಷ ಅಕ್ಟೋಬರ್ 29ರ ರಾತ್ರಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಘಟನೆ ನಡೆಯಿತು. ಯಾವ ಪತ್ರಿಕೆಯೂ ಅದನ್ನು ದೊಡ್ಡದು ಮಾಡಲಿಲ್ಲ. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದ ಗಣಕಯಂತ್ರದಿಂದ ಸುಮಾರು 500 ಕಿ.ಮೀ. ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕಯಂತ್ರಕ್ಕೆ ‘ಲಾಗಿನ್’ ಎಂಬ ಪದವನ್ನು ಕಳುಹಿಸುವ ಪ್ರಯತ್ನವದು. ‘ಎಲ್’ ಹೋಯಿತು, ‘ಓ’ ಹೋಯಿತು. ಅಷ್ಟರಲ್ಲಿ ಯಂತ್ರ ಕೈಕೊಟ್ಟಿತು. ಸುಮಾರು ಒಂದು ಗಂಟೆಯ ಬಳಿಕ ಮತ್ತೆ ಪ್ರಯತ್ನಿಸಿದಾಗ ಪೂರ್ತಿ ಪದ ತಲುಪಿತು. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಕಟ್ಟಿದ ಈ ಜಾಲದ ಹೆಸರು ‘ಅರ್ಪಾನೆಟ್’. ಇಂದಿನ ಅಂತರ್ಜಾಲದ ಬೇರು ಇದೇ.

1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಇಂಜಿನಿಯರ್ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಇ-ಮೇಲ್ ಕಳುಹಿಸಿ, ವಿಳಾಸದ ನಡುವೆ ‘ಅಟ್’ ಚಿಹ್ನೆಯನ್ನು ಬಳಕೆಗೆ ತಂದರು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬ ಇಬ್ಬರು, ಬೇರೆ ಬೇರೆ ಬಗೆಯ ಜಾಲಗಳು ಪರಸ್ಪರ ಮಾತನಾಡಲು ಬೇಕಾದ ನಿಯಮಾವಳಿಯನ್ನು ರೂಪಿಸಿದರು. 1983ರ ಜನವರಿ 1ರಿಂದ ಅರ್ಪಾನೆಟ್ ಅದೇ ನಿಯಮಕ್ಕೆ ಬದಲಾಯಿತು. ಇಂದಿಗೂ ಅಂತರ್ಜಾಲ ನಡೆಯುತ್ತಿರುವುದು ಆ ನಿಯಮಗಳ ತಳಹದಿಯ ಮೇಲೆಯೇ.

ಇಲ್ಲಿ ಒಂದು ಘಟನೆಯನ್ನು ವಿಶೇಷವಾಗಿ ನೆನಪಿಡಬೇಕು. 1989ರಲ್ಲಿ ಜಿನೀವಾದ ಬಳಿಯ ‘ಸರ್ನ್’ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್ ಲೀ, ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಾಕುವ ‘ವರ್ಲ್ಡ್ ವೈಡ್ ವೆಬ್’ ಎಂಬ ವ್ಯವಸ್ಥೆಯನ್ನು ಸೂಚಿಸಿದರು. ಅದು ಕೆಲಸ ಮಾಡತೊಡಗಿದ ಮೇಲೆ, 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಅದರ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಯಾರು ಬೇಕಾದರೂ ಬಳಸಬಹುದು ಎಂದು ಘೋಷಿಸಿತು. ಪ್ರತಿ ಪುಟಕ್ಕೂ ಒಂದು ಕಾಸು ಕೊಡಬೇಕು ಎಂದಿದ್ದರೆ ಇಂದಿನ ಚರಿತ್ರೆಯೇ ಬೇರೆಯಾಗುತ್ತಿತ್ತು. ಬಾಗಿಲು ತಾನಾಗಿ ತೆರೆದುಕೊಳ್ಳಲಿಲ್ಲ, ತೆರೆದಿಡಬೇಕೆಂದು ಕೆಲವರು ತೀರ್ಮಾನಿಸಿದರು. ಈ ಚರಿತ್ರೆಯ ಉದ್ದಕ್ಕೂ ನಮಗೆ ಎದುರಾಗುವ ಸತ್ಯ ಇದು.

ಡಯಲ್ ಮಾಡಿ ಕಾಯುತ್ತಿದ್ದ ಕಾಲ

ಭಾರತದಲ್ಲಿ ಅಂತರ್ಜಾಲ ಆರಂಭವಾದದ್ದು 1995ರಲ್ಲಿ ಎಂದು ಹಲವರು ತಿಳಿದಿದ್ದಾರೆ. ಅದಕ್ಕೂ ಮೊದಲೇ, 1986ರಲ್ಲಿ, ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ‘ಅರ್ನೆಟ್’ ಎಂಬ ಶೈಕ್ಷಣಿಕ ಜಾಲವನ್ನು ಆರಂಭಿಸಿತ್ತು. ಐದು ಐಐಟಿಗಳು ಮತ್ತು ಇತರ ಕೆಲವು ಸಂಸ್ಥೆಗಳೊಂದಿಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿತ್ತು. ಆದರೆ ಅದು ಸಂಶೋಧಕರ ಜಾಲ. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ಮೊದಲು ಮಹಾನಗರಗಳಲ್ಲಿ.

ಹೆಸರಿಗೆ ಮಾತ್ರ ಜನಸಾಮಾನ್ಯರಿಗೆ! ವರ್ಷಕ್ಕೆ ಸಾವಿರಾರು ರೂಪಾಯಿ ತೆರಬೇಕಿತ್ತು. ಅದಕ್ಕೂ ಮೊದಲು ಮನೆಯಲ್ಲಿ ದೂರವಾಣಿ ಇರಬೇಕಿತ್ತು. 1991ರಲ್ಲಿ ಇಡೀ ದೇಶದಲ್ಲಿ ಇದ್ದದ್ದು ಸುಮಾರು 50 ಲಕ್ಷ ದೂರವಾಣಿಗಳು. ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ನಿಮ್ಮ ಮನೆಯ ಹಿರಿಯರಲ್ಲೂ ಇರಬಹುದು, ಕೇಳಿ ನೋಡಿ. ಇನ್ನು ವೇಗದ ಮಾತು. ಆರಂಭದ ಡಯಲ್-ಅಪ್ ಸಂಪರ್ಕದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. 5 ಎಂಬಿ ಗಾತ್ರದ ಒಂದು ಹಾಡನ್ನು ಇಳಿಸಿಕೊಳ್ಳಲು ಆ ವೇಗದಲ್ಲಿ ಸುಮಾರು 70 ನಿಮಿಷ ಬೇಕು. ನಂತರ ಬಂದ 56 ಕಿಲೋಬಿಟ್‌ನ ಮೋಡೆಮ್‌ನಲ್ಲಿ 12 ನಿಮಿಷ. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ ವೇಗವನ್ನೇ ‘ಬ್ರಾಡ್‌ಬ್ಯಾಂಡ್’ ಎಂದು ಕರೆಯಿತು. ಆಗ ಎರಡೂವರೆ ನಿಮಿಷಕ್ಕೆ ಇಳಿಯಿತು. ಇಂದು ಸೆಕೆಂಡಿಗೆ 10 ಮೆಗಾಬಿಟ್ ಸಿಕ್ಕಿದರೆ ಸಾಕು, ನಾಲ್ಕೇ ಸೆಕೆಂಡು. ಡಯಲ್ ಮಾಡುವಾಗ ಮೋಡೆಮ್ ಹೊರಡಿಸುತ್ತಿದ್ದ ಆ ಕೀರಲು ಸದ್ದು, ಯಾರೋ ಫೋನ್ ಎತ್ತಿದೊಡನೆ ಕಡಿದುಹೋಗುತ್ತಿದ್ದ ಸಂಪರ್ಕ, ಇವೆಲ್ಲ ಇಂದಿನ ವಿದ್ಯಾರ್ಥಿಗಳಿಗೆ ಕಟ್ಟುಕಥೆಯಂತೆ ತೋರಬಹುದು. ಆಗಿನ ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದು 1.44 ಎಂಬಿ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡಾ ಹಲವು ವೇಳೆ ಅದರೊಳಗೆ ಹಿಡಿಸದು.

ಇದೇ ಕಾಲದಲ್ಲಿ, ಬೆಂಗಳೂರಿನಲ್ಲಿ ಬೆಳೆದು ಓದಿದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ‘ಹಾಟ್‌ಮೇಲ್’ ಆರಂಭಿಸಿದರು. ಯಾವ ಊರಿನ ಯಾವ ಗಣಕಯಂತ್ರದಿಂದಲಾದರೂ ಉಚಿತವಾಗಿ ಇ-ಮೇಲ್ ನೋಡಬಹುದಾದ ವ್ಯವಸ್ಥೆಯಿದು. ಸ್ವಂತ ಗಣಕಯಂತ್ರವಿಲ್ಲದವನಿಗೂ ಒಂದು ವಿಳಾಸ ದೊರೆಯಿತು. ಅದನ್ನು ಸಾಧ್ಯವಾಗಿಸಿದ ಇನ್ನೊಂದು ಜಾಗವೆಂದರೆ ಸೈಬರ್ ಕೆಫೆ.

ಸೈಬರ್ ಕೆಫೆ ಮತ್ತು ಕೊಲ್ಲಿಯ ಪತ್ರ

1998ರಲ್ಲಿ ಖಾಸಗಿ ಕಂಪೆನಿಗಳಿಗೂ ಅಂತರ್ಜಾಲ ಸೇವೆ ನೀಡುವ ಅನುಮತಿ ದೊರೆತ ಮೇಲೆ ಬಸ್ ನಿಲ್ದಾಣದ ಪಕ್ಕ, ಕಾಲೇಜಿನ ಎದುರು, ಎಸ್‌ಟಿಡಿ ಬೂತ್‌ನ ಒಳಕೋಣೆಯಲ್ಲಿ ಸೈಬರ್ ಕೆಫೆಗಳು ಎದ್ದು ನಿಂತವು. ಪ್ಲೈವುಡ್ ಹಲಗೆಯ ಸಣ್ಣ ಸಣ್ಣ ಗೂಡುಗಳು, ಗಂಟೆಯ ಲೆಕ್ಕದ ಬಾಡಿಗೆ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಪತ್ರಿಕೆಯ ಸಣ್ಣ ಅಕ್ಷರದ ಸಂಖ್ಯೆಗಳಲ್ಲಿ ಹುಡುಕುತ್ತಿದ್ದವರು, ಮೊದಲ ಬಾರಿಗೆ ಪರದೆಯ ಮೇಲೆ ವಿಷಯವಾರು ಅಂಕಗಳನ್ನು ಕಂಡರು. ಒಂದು ಪುಟ ಮುದ್ರಿಸಿಕೊಂಡು ಮನೆಗೆ ಓಡಿದರು.

ನಮ್ಮ ಕರಾವಳಿಯ ಮನೆಗಳಲ್ಲಿ ಈ ಬದಲಾವಣೆಗೆ ಇನ್ನೊಂದು ಅರ್ಥವಿತ್ತು. ದುಡಿಯಲು ಕೊಲ್ಲಿ ರಾಷ್ಟ್ರಗಳಿಗೆ ಹೋದವರ ಮನೆಮಂದಿ ಪತ್ರಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದರು. ಓದು ಬಾರದ ತಾಯಿಗೆ ಪಕ್ಕದ ಮನೆಯ ಹುಡುಗ ಪತ್ರ ಓದಿ ಹೇಳಬೇಕು, ಉತ್ತರವನ್ನೂ ಅವನೇ ಬರೆಯಬೇಕು. ಮನದ ಮಾತನ್ನು ಪೂರ್ತಿ ಹೇಳುವಂತಿಲ್ಲ. ಕೆಲವರು ಕ್ಯಾಸೆಟ್ಟಿನಲ್ಲಿ ಮಾತು ಮುದ್ರಿಸಿ, ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಐಎಸ್‌ಡಿ ಕರೆಯೆಂದರೆ ಬೂತ್‌ನಲ್ಲಿ ಓಡುವ ಮೀಟರಿನ ಮೇಲೆ ಕಣ್ಣಿಟ್ಟು ಆಡುವ ಅವಸರದ ಮಾತು. ಸೈಬರ್ ಕೆಫೆಯ ವೆಬ್ ಕ್ಯಾಮರಾದಲ್ಲಿ ತುಂಡು ತುಂಡಾಗಿ ಚಲಿಸುವ ಮಗನ ಮುಖ ಕಂಡಾಗ ಆ ತಾಯಂದಿರು ಪಟ್ಟ ಸಂತೋಷವನ್ನು ಯಾವ ಮೆಗಾಬಿಟ್‌ನಲ್ಲಿ ಅಳೆಯಲಾದೀತು?

ಅಂತರ್ಜಾಲ ಆಕಾಶದಲ್ಲಿ ಹಾರುವ ಮಾಯೆ ಎಂದು ಭಾವಿಸಿದವರಿಗೆ 2008ರ ಜನವರಿ 30 ಒಂದು ಪಾಠ ಕಲಿಸಿತು. ಅಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಎರಡು ಕೇಬಲ್‌ಗಳು ತುಂಡಾಗಿ, ಕೊಲ್ಲಿ ರಾಷ್ಟ್ರಗಳಲ್ಲೂ ಭಾರತದಲ್ಲೂ ಅಂತರ್ಜಾಲ ಕುಂಟಿತು. ದೇಶ ದೇಶಗಳ ನಡುವಿನ ನಮ್ಮ ಮಾತುಕತೆಯಲ್ಲಿ ಬಹುಪಾಲು ಇಂದಿಗೂ ಸಾಗುವುದು ಕಡಲ ತಳದಲ್ಲಿ ಹಾಸಿದ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳ ಮೂಲಕವೇ.

ಕನ್ನಡಕ್ಕೆ ಒಂದು ಸಂಖ್ಯೆ

ಬೆಲೆ ಇಳಿಯಿತು, ತಂತಿ ಬಂತು. ಆದರೆ ಪರದೆಯ ಮೇಲೆ ಇದ್ದದ್ದೆಲ್ಲ ಇಂಗ್ಲಿಷ್. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟರೆ ಮಾತ್ರ ಅದು ಬರೆಯಬಲ್ಲದು. ಇಂಗ್ಲಿಷಿಗೆ ಆ ಸಂಖ್ಯೆಗಳು 1960ರ ದಶಕದಲ್ಲೇ ನಿಗದಿಯಾಗಿದ್ದವು. ಕಾಗುಣಿತ, ಒತ್ತಕ್ಷರಗಳ ನಮ್ಮ ಕನ್ನಡ ಅಷ್ಟು ಸುಲಭವಾಗಿ ಕೀಲಿಮಣೆಗೆ ಒಗ್ಗುವ ಭಾಷೆಯಲ್ಲ.

ಈ ತೊಡಕನ್ನು ಬಿಡಿಸಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್. ಮೊದಲು ವ್ಯಂಜನ, ನಡುವೆ ಅಕ್ಷರಗಳನ್ನು ಬೆಸೆಯುವ ಒಂದು ಕೀಲಿ, ಬಳಿಕ ಇನ್ನೊಂದು ವ್ಯಂಜನ ಒತ್ತಿದರೆ ಒತ್ತಕ್ಷರ ತಾನಾಗಿ ಮೂಡುವ ಸರಳ ವಿನ್ಯಾಸವನ್ನು ಅವರು ರೂಪಿಸಿದರು. ನೂರಾರು ಅಕ್ಷರರೂಪಗಳು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಅಡಕವಾದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ರಾಜ್ಯ ಸರಕಾರ ಉಚಿತವಾಗಿ ಹಂಚಿತು. ಈ ಸಂಚಿಕೆಯಂತಹ ಎಷ್ಟೋ ವಾರ್ಷಿಕ ಸಂಚಿಕೆಗಳು ಅಚ್ಚಾದದ್ದು ಇಂತಹವರ ದುಡಿಮೆಯ ಫಲದಿಂದ.

ಆದರೂ ಒಂದು ಕೊರತೆ ಉಳಿಯಿತು. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. ಇದಕ್ಕೆ ಪರಿಹಾರ ‘ಯೂನಿಕೋಡ್’, ಅಂದರೆ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯಾಪಟ್ಟಿ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಅದರಲ್ಲಿ ‘ಅ’ ಅಕ್ಷರದ ಸಂಖ್ಯೆ 3205, ‘ಕ’ ಅಕ್ಷರದ್ದು 3221. ನೀವು ಬೀದರಿನಲ್ಲಿ ಬರೆಯಿರಿ, ದುಬೈಯಲ್ಲಿ ಓದಿರಿ, ‘ಕ’ ಎಂದರೆ 3221 ಮಾತ್ರ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಬಳಿಕ ಮೊಬೈಲ್ ಫೋನುಗಳಲ್ಲಿ ಕನ್ನಡ ಬೇರೂರಿತು. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಗೂ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆ. ಭಾಷೆಯ ಬಾಗಿಲು ತೆರೆದ ದಿನವೇ ಇಂಗ್ಲಿಷ್ ಬಾರದ ಲಕ್ಷಾಂತರ ಮಂದಿ ಒಳಗೆ ಬಂದರು ಎಂಬುದನ್ನು ಮರೆಯಬಾರದು.

ಕಚೇರಿಯ ಕಿಟಕಿಯಿಂದ ಅಂಗೈಗೆ

ಸರಕಾರದ ಕಡತಗಳಲ್ಲೂ ಬದಲಾವಣೆ ಬಂತು. ಕರ್ನಾಟಕದ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ಕೈಬರಹದ ಪಹಣಿಗಾಗಿ ಗ್ರಾಮಲೆಕ್ಕಿಗರನ್ನು ಹುಡುಕಿ ಅಲೆಯುತ್ತಿದ್ದ ರೈತ, 2000ದ ದಶಕದ ಆರಂಭದಲ್ಲಿ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂ. ಕೊಟ್ಟು ಅಚ್ಚಾದ ಪ್ರತಿಯನ್ನು ಪಡೆಯುವಂತಾಯಿತು. ವೃತ್ತಿಶಿಕ್ಷಣದ ಸಿಇಟಿ ಸೀಟು ಆಯ್ಕೆಗೆ ಹೆತ್ತವರೊಂದಿಗೆ ಬೆಂಗಳೂರಿಗೆ ಹೋಗಿ ಸರದಿ ಕಾಯುತ್ತಿದ್ದ ವಿದ್ಯಾರ್ಥಿ, ಮುಂದೆ ಊರಲ್ಲೇ ಕುಳಿತು ಆಯ್ಕೆಗಳನ್ನು ತುಂಬಿಸುವಂತಾಯಿತು.

ದೊಡ್ಡ ಜಿಗಿತ ಬಂದದ್ದು ಮೊಬೈಲಿನಿಂದ. 1995ರ ಜುಲೈ 31ರಂದು ಕೋಲ್ಕತ್ತಾದಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋಯಿತು. ಆಗ ನಿಮಿಷಕ್ಕೆ 16 ರೂ.ವರೆಗೂ ದರವಿತ್ತು, ಬಂದ ಕರೆಗೂ ಹಣ ಕೊಡಬೇಕಿತ್ತು. ಅಂತರ್ಜಾಲದ ದರವನ್ನೇ ನೋಡಿ. 2014ರಲ್ಲಿ ಒಂದು ಜಿಬಿ ಡೇಟಾಕ್ಕೆ ಸರಾಸರಿ 269 ರೂ. ಇತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಮಾರುಕಟ್ಟೆಗೆ ಇಳಿದ ಮೇಲೆ ಉಂಟಾದ ದರಸಮರದಲ್ಲಿ ಅದು ಕುಸಿದು, 2018ರ ವೇಳೆಗೆ 12 ರೂ. ಆಸುಪಾಸಿಗೆ ಬಂತು. ದೂರಸಂಪರ್ಕ ಪ್ರಾಧಿಕಾರದ ಲೆಕ್ಕದಂತೆ 2024ರ ಮಾರ್ಚ್ ಅಂತ್ಯಕ್ಕೆ ದೇಶದ ಅಂತರ್ಜಾಲ ಚಂದಾದಾರರ ಸಂಖ್ಯೆ 95 ಕೋಟಿ! 1991ರ 50 ಲಕ್ಷ ದೂರವಾಣಿಗಳೊಂದಿಗೆ ಇದನ್ನು ಹೋಲಿಸಿ ನೋಡಿ.

ಇಷ್ಟಾದ ಮೇಲೆ ಎಲ್ಲರೂ ಒಳಗೆ ಬಂದರೇ?

ಇಲ್ಲ ಎಂಬ ಉತ್ತರ 2020ರಲ್ಲಿ ದೊರೆಯಿತು. ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದವು, ಪಾಠಗಳು ಫೋನಿಗೆ ಬಂದವು. ಮನೆಯಲ್ಲಿ ಒಂದೇ ಫೋನ್, ಮೂವರು ಮಕ್ಕಳು. ಬೆಳಿಗ್ಗೆ ಕೆಲಸಕ್ಕೆ ಹೊರಟ ತಂದೆಯೊಂದಿಗೆ ಆ ಫೋನೂ ಹೊರಟಿತು. ಮಲೆನಾಡು ಮತ್ತು ಪಶ್ಚಿಮ ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು, ಮಳೆಗೆ ಟಾರ್ಪಾಲು ಕಟ್ಟಿ ಕುಳಿತು ಪಾಠ ಕೇಳಿದರು. ರಾಜ್ಯ ಸರಕಾರ ದೂರದರ್ಶನ ಚಂದನದಲ್ಲಿ ಪಾಠಗಳನ್ನು ಪ್ರಸಾರ ಮಾಡಿತು. ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಊರೂರಿಗೆ ತೆರಳಿ ಜಗಲಿಗಳಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಬಾಗಿಲು ಎಷ್ಟೇ ದೊಡ್ಡದಾದರೂ ಹೊಸ್ತಿಲು ಎತ್ತರವಿದ್ದರೆ ಮಗು ದಾಟಲಾರದು ಎಂಬುದು ಆ ವರ್ಷ ನಾವೆಲ್ಲ ಕಂಡ ಸತ್ಯ.

ಇನ್ನೊಂದು ಹೊಸ್ತಿಲು ಮನೆಯೊಳಗೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಅಂತರ್ಜಾಲ ಬಳಸಿದ ಗಂಡಸರು ಶೇ. 57ರಷ್ಟಿದ್ದರೆ ಹೆಂಗಸರು ಕೇವಲ ಶೇ. 33. ಫೋನ್ ಮಗನ ಕೈಗೆ ಹತ್ತನೆಯ ತರಗತಿಯಲ್ಲೇ ಬರುತ್ತದೆ, ಮಗಳ ಕೈಗೆ ಮಾತ್ರ ನೂರೆಂಟು ಪ್ರಶ್ನೆಗಳ ಬಳಿಕ. 2019ರಲ್ಲಿ ನೆರೆಯ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಕಾಲೇಜು ಹಾಸ್ಟೆಲ್ ಒಂದರಲ್ಲಿ, ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲ್ ಬಳಸಬಾರದು ಎಂಬ ನಿಯಮ ಬಂತು. ಪದವಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಓದಿಗೆ ಅಂತರ್ಜಾಲ ಬೇಕೆಂದು ಅದನ್ನು ಒಪ್ಪಲಿಲ್ಲ. ಹಾಸ್ಟೆಲ್‌ನಿಂದ ಹೊರಹಾಕಲ್ಪಟ್ಟ ಆಕೆ ಹೈಕೋರ್ಟಿನ ಮೆಟ್ಟಿಲೇರಿದಳು. ಅಂತರ್ಜಾಲವನ್ನು ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿದ ಕೇರಳ ಹೈಕೋರ್ಟ್, ಆಕೆಯನ್ನು ಮತ್ತೆ ಸೇರಿಸಿಕೊಳ್ಳುವಂತೆ ಆ ವರ್ಷದ ಸೆಪ್ಟೆಂಬರಿನಲ್ಲಿ ಆದೇಶಿಸಿತು. ನಮ್ಮ ಮನೆಯ ಹೆಣ್ಣುಮಗಳ ಕೈಯಲ್ಲಿರುವ ಫೋನನ್ನು ಸಂಶಯದ ವಸ್ತುವಾಗಿ ನೋಡುವ ಮೊದಲು, ಅದು ಅವಳ ಗ್ರಂಥಾಲಯವೂ ಹೌದು ಎಂಬುದನ್ನು ನೆನಪಿಸಿಕೊಳ್ಳೋಣ.

ಇಂದು ವಿದ್ಯಾರ್ಥಿವೇತನದ ಅರ್ಜಿ, ಕಾಲೇಜು ಪ್ರವೇಶ, ನೇಮಕಾತಿ ಎಲ್ಲವೂ ಆನ್‌ಲೈನ್. ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರಿನ ಒಂದಕ್ಷರ ವ್ಯತ್ಯಾಸವಾದರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿದ್ದರೆ, ಅರ್ಹ ಮಗುವಿಗೂ ಹಣ ಕೈತಪ್ಪಬಹುದು. ಹಿಂದೆ ಅರ್ಜಿ ಬರೆಯಲು ತಿಳಿಯದವನು ಹಿಂದುಳಿದ, ಇಂದು ಅರ್ಜಿ ಅಪ್‌ಲೋಡ್ ಮಾಡಲು ತಿಳಿಯದವನು ಹಿಂದುಳಿಯುತ್ತಾನೆ. ಅನಕ್ಷರತೆಯ ರೂಪ ಬದಲಾಗಿದೆ, ಅದರ ಶಿಕ್ಷೆ ಬದಲಾಗಿಲ್ಲ.

ಸುಳ್ಳಿಗೂ ಅದೇ ವೇಗ

ಬಾಗಿಲು ತೆರೆದಾಗ ಗಾಳಿಯೊಂದಿಗೆ ಧೂಳೂ ಬರುತ್ತದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪೊಂದು ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಅವನೂ ಅವನ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಹಂಚಿದ್ದೇ ಸಂಶಯಕ್ಕೆ ಕಾರಣವಾಯಿತು. ತಂತ್ರಜ್ಞಾನವನ್ನೇ ಓದಿದ ಯುವಕನ ಪ್ರಾಣವನ್ನು ತಂತ್ರಜ್ಞಾನದ ಮೇಲೇರಿ ಬಂದ ಸುಳ್ಳು ತೆಗೆಯಿತು. ದೇಶದ ಹಲವೆಡೆ ಇಂತಹ ಹತ್ಯೆಗಳು ನಡೆದ ಬಳಿಕ, ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಮಂದಿಗೆ ಅಥವಾ ಗುಂಪುಗಳಿಗೆ ಮುಂದಕ್ಕೆ ಕಳುಹಿಸದಂತೆ ವಾಟ್ಸ್‌ಆ್ಯಪ್ ಭಾರತದಲ್ಲಿ ಮಿತಿ ಹಾಕಿತು. ಕಂಪೆನಿ ಬೆರಳಿಗೆ ಕಡಿವಾಣ ಹಾಕಬಲ್ಲದು, ಬುದ್ಧಿಗೆ ಕಡಿವಾಣವನ್ನು ನಾವೇ ಹಾಕಿಕೊಳ್ಳಬೇಕು. ಕೇಳಿದ್ದನ್ನೆಲ್ಲ ದಾಟಿಸುವುದಕ್ಕೆ ಮೊದಲು ಹೇಳಿದವರು ಯಾರು, ಯಾವಾಗ, ಯಾವ ಆಧಾರದಿಂದ ಎಂದು ಕೇಳುವ ಅಭ್ಯಾಸ ಪರೀಕ್ಷೆಯ ಅಂಕಕ್ಕಿಂತಲೂ ಮುಖ್ಯ.

2022ರ ನವೆಂಬರ್ 30ರಂದು ‘ಚಾಟ್‌ಜಿಪಿಟಿ’ ಬಂದ ಮೇಲೆ ಈ ಎಚ್ಚರಿಕೆ ಇನ್ನಷ್ಟು ಅಗತ್ಯವಾಗಿದೆ. ಪ್ರಶ್ನೆ ಕೇಳಿದರೆ ಯಂತ್ರವೇ ಪ್ರಬಂಧ ಬರೆದುಕೊಡುತ್ತದೆ, ಲೆಕ್ಕ ಬಿಡಿಸುತ್ತದೆ, ಕನ್ನಡದಲ್ಲೂ ಉತ್ತರಿಸುತ್ತದೆ. ಕೆಲವೊಮ್ಮೆ ತಪ್ಪನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಹೇಳುತ್ತದೆ! ಟ್ಯೂಷನ್‌ಗೆ ಹೋಗುವ ಅನುಕೂಲವಿಲ್ಲದ ಮಗು ಅರ್ಥವಾಗದ ಪಾಠವನ್ನು ಅದರೊಡನೆ ಕೇಳಿ ಕಲಿತರೆ ಅದು ವರದಾನ. ಮನೆಕೆಲಸವನ್ನು ಅದರಿಂದಲೇ ಬರೆಸಿ ಒಪ್ಪಿಸಿದರೆ ಕಲಿತದ್ದು ಯಂತ್ರ, ಮಗುವಲ್ಲ.

ನಾವು ತೆರೆಯಬೇಕಾದ ಬಾಗಿಲು

ಓದುಗರೇ, ಈ ಏಳೆಂಟು ದಶಕಗಳ ಕಥೆಯಿಂದ ನಾವು ಹೊತ್ತೊಯ್ಯಬೇಕಾದ ಪಾಠವೇನು? ಬೆಲೆಯ ಬಾಗಿಲು, ಸಂಪರ್ಕದ ಬಾಗಿಲು, ಭಾಷೆಯ ಬಾಗಿಲು ಒಂದೊಂದಾಗಿ ತೆರೆದವು. ಕಾಲ ಕಳೆದಂತೆ ತಾವಾಗಿ ತೆರೆದವಲ್ಲ. ಸರ್ನ್ ಸಂಸ್ಥೆ ವೆಬ್ಬನ್ನು ಬಿಟ್ಟುಕೊಟ್ಟಿತು, ಕೆ.ಪಿ. ರಾವ್ ಅವರಂಥವರು ಕನ್ನಡದ ಗಂಟು ಬಿಡಿಸಿದರು, ಒಬ್ಬ ವಿದ್ಯಾರ್ಥಿನಿ ನ್ಯಾಯಾಲಯದಲ್ಲಿ ತನ್ನ ಹಕ್ಕನ್ನು ಕೇಳಿದಳು, ಶಿಕ್ಷಕರು ಜಗಲಿಗೆ ನಡೆದು ಹೋದರು. ಪ್ರತಿ ಬಾಗಿಲಿನ ಹಿಂದೆಯೂ ಮನುಷ್ಯರ ತೀರ್ಮಾನವಿದೆ.

ಹಾಗಾದರೆ ನಮ್ಮ ಪಾಲಿನ ತೀರ್ಮಾನವೇನು? ಪ್ರತಿಯೊಂದು ಊರಿನಲ್ಲೂ ಒಂದು ಚಿಕ್ಕ ಕೋಣೆ, ಎರಡು ಗಣಕಯಂತ್ರ, ಸಂಜೆಯ ಎರಡು ಗಂಟೆ ಬಿಡುವು ಮಾಡಿಕೊಳ್ಳುವ ಒಬ್ಬ ಪದವೀಧರ ಇದ್ದರೆ ಎಷ್ಟೋ ವಿದ್ಯಾರ್ಥಿವೇತನದ ಅರ್ಜಿಗಳು ತಿರಸ್ಕೃತವಾಗದೆ ಉಳಿದಾವು. ಹೆಣ್ಣುಮಕ್ಕಳಿಗೆ ಅಲ್ಲಿ ನಿರ್ಭಯವಾಗಿ ಕುಳಿತುಕೊಳ್ಳುವ ಸಮಯ ಮೀಸಲಿಟ್ಟರೆ ಆ ಶೇ. 33ರ ಅಂಕಿ ಮೇಲೇರೀತು. ಹಿರಿಯರಿಗೆ ಒಂದು ಸಂದೇಶದ ಸತ್ಯಾಸತ್ಯತೆ ನೋಡುವ ಬಗೆಯನ್ನು ಮೊಮ್ಮಕ್ಕಳೇ ಕಲಿಸಿದರೆ ಒಂದು ಪ್ರಾಣವಾದರೂ ಉಳಿದೀತು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಮನಸ್ಸು ಬೇಕು.

30 ಟನ್ನಿನ ಯಂತ್ರ ನಮ್ಮ ಕಿಸೆಯೊಳಗೆ ಬಂದು ಕುಳಿತಿದೆ. ಅದನ್ನು ಅಷ್ಟು ಹಗುರಗೊಳಿಸಿದ್ದು ವಿಜ್ಞಾನಿಗಳ ಕೆಲಸವಾಗಿತ್ತು. ಅದರ ಪ್ರಯೋಜನ ಕೊನೆಯ ಬೆಂಚಿನ ಮಗುವಿಗೂ ಮುಟ್ಟುವಂತೆ ಮಾಡುವುದು ನಮ್ಮ ನಿಮ್ಮೆಲ್ಲರ ಕೆಲಸ.